ಬಸ್ಸು ಕೊಳ್ಳುವ ಹಣ, ಬಸ್ಸು ಓಡಿಸುವ ಹಣ: ಅಮೆರಿಕದ ಊರುಗಳಿಗೆ ಒದಗುವ ಫೆಡರಲ್ ಅನುದಾನಗಳ ಹೋಲಿಕೆ

ಅಮೆರಿಕದ ಒಂದು ಊರು ಹೊಸ ಬಸ್ ಮಾರ್ಗವನ್ನೋ, ಹಿರಿಯರಿಗಾಗಿ ವ್ಯಾನ್ ಸೇವೆಯನ್ನೋ, ಬಸ್ ತಂಗುದಾಣದವರೆಗೆ ನಡೆದು ಹೋಗಲು ಪಾದಚಾರಿ ಮಾರ್ಗವನ್ನೋ ಮಾಡಹೊರಟಾಗ ಫೆಡರಲ್ ಸರ್ಕಾರದಿಂದ ಹಣ ತರುವ ದಾರಿ ಒಂದೇ ಅಲ್ಲ, ಹಲವಿವೆ. 2021ರ ನವೆಂಬರ್ 15ರಂದು ಸಹಿಯಾದ ಮೂಲಸೌಕರ್ಯ ಕಾಯ್ದೆಯೊಂದೇ ಐದು ವರ್ಷಗಳಲ್ಲಿ ಸಾರ್ವಜನಿಕ ಸಾರಿಗೆಗೆ ಗರಿಷ್ಠ 10,800 ಕೋಟಿ ಡಾಲರ್ ಒದಗಿಸಲು ಅವಕಾಶ ಕೊಟ್ಟಿತು. ಆ ಕಾಯ್ದೆಯ ಅವಧಿ 2026ರ ಸೆಪ್ಟೆಂಬರ್ 30ರವರೆಗೆ. ಸಿಟಿ ಕೌನ್ಸಿಲ್ಲಿನ ಸಮಿತಿಗಳಲ್ಲಿ, ಕೌಂಟಿಯ ಮಂಡಳಿಗಳಲ್ಲಿ, ಹಿರಿಯರಿಗಾಗಿ ದುಡಿಯುವ ಲಾಭರಹಿತ ಸಂಸ್ಥೆಗಳಲ್ಲಿ ತೊಡಗಿಕೊಂಡ ಕನ್ನಡಿಗರು ಕೇಳುವುದು, ಈ ದಾರಿಗಳಲ್ಲಿ ತಮ್ಮ ಊರಿಗೆ ಹೊಂದುವುದು ಯಾವುದು ಎಂದು. ಕರ್ನಾಟಕದಿಂದ ಕೆಲವು ತಿಂಗಳಿಗೆಂದು ಬಂದ ತಂದೆತಾಯಿ ಕಾರು ಓಡಿಸಲಾಗದೆ ಮನೆಯೊಳಗೇ ದಿನ ಕಳೆಯುವುದನ್ನು ಕಂಡವರಿಗೆ ಈ ಪ್ರಶ್ನೆ ಕೇವಲ ಆಡಳಿತದ್ದಾಗಿ ಉಳಿಯುವುದಿಲ್ಲ.

ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಅನುದಾನದ ಮೊತ್ತ ಎಷ್ಟು ದೊಡ್ಡದು ಎಂಬುದರ ಮೇಲೆ ಆಯ್ಕೆ ಮಾಡುವುದು ತಪ್ಪು ಕ್ರಮ. ಉದ್ಘಾಟನೆಯ ಮರುವರ್ಷ ಚಾಲಕರ ಸಂಬಳ ಯಾವ ಖಾತೆಯಿಂದ ಬರುತ್ತದೆ ಎಂಬುದರ ಮೇಲೆ ಆಯ್ಕೆ ಮಾಡಬೇಕು. ಆನೆಯನ್ನು ದಾನವಾಗಿ ಪಡೆದವರೂ ಮೇವಿನ ಲೆಕ್ಕ ಹಾಕಲೇಬೇಕು, ಮತ್ತು ಅಮೆರಿಕದ ಫೆಡರಲ್ ವ್ಯವಸ್ಥೆ ಆನೆ ಕೊಡುವಷ್ಟು ಧಾರಾಳವಾಗಿ ಮೇವು ಕೊಡುವುದಿಲ್ಲ.

ಮೊದಲು ಅಳತೆಗೋಲು

ಯಾವುದೇ ಅನುದಾನವನ್ನು ನೋಡುವಾಗ ಮೊದಲು ಕೇಳಬೇಕಾದದ್ದು, ಅದು ಬಂಡವಾಳ ವೆಚ್ಚಕ್ಕೆ ಮಾತ್ರವೋ ಅಥವಾ ದಿನನಿತ್ಯ ಸೇವೆ ನಡೆಸುವ ವೆಚ್ಚಕ್ಕೂ ಸಲ್ಲುತ್ತದೆಯೋ ಎಂಬುದು. ಬಸ್ಸು, ಡಿಪೊ, ತಂಗುದಾಣ, ಟಿಕೆಟ್ ಯಂತ್ರ ಇವು ಬಂಡವಾಳ. ಚಾಲಕರ ಸಂಬಳ, ಇಂಧನ, ವಿಮೆ ಇವು ನಡೆಸುವ ವೆಚ್ಚ. ಮೇಲ್ನೋಟಕ್ಕೆ ಎರಡಕ್ಕೂ ನಡುವೆ ಕಾಣುವ ಗೆರೆ ಅಷ್ಟು ಸ್ಪಷ್ಟವಲ್ಲ, ಏಕೆಂದರೆ ಬಸ್ಸುಗಳ ಮುಂಜಾಗ್ರತಾ ನಿರ್ವಹಣೆಯನ್ನು ಫೆಡರಲ್ ನಿಯಮ ಬಂಡವಾಳದ ಸಾಲಿನಲ್ಲಿಯೇ ಸೇರಿಸುತ್ತದೆ. ಜಾಣ ಲೆಕ್ಕಿಗರು ಮೊದಲು ಬಳಸಿಕೊಳ್ಳುವ ಅವಕಾಶವೇ ಅದು.

ಎರಡನೆಯದು ಸ್ಥಳೀಯ ಪಾಲು. ಬಂಡವಾಳಕ್ಕೆ ಸಾಮಾನ್ಯವಾಗಿ ಫೆಡರಲ್ ಪಾಲು ಶೇ 80, ಊರಿನ ಪಾಲು ಶೇ 20. ನಡೆಸುವ ವೆಚ್ಚಕ್ಕೆ ಅನುಮತಿ ಇರುವಲ್ಲಿ ಅದು ಅರ್ಧಕ್ಕರ್ಧ. ಪ್ರಯಾಣಿಕರಿಂದ ಬಂದ ಟಿಕೆಟ್ ಹಣವನ್ನು ಊರಿನ ಪಾಲೆಂದು ತೋರಿಸಲು ಬರುವುದಿಲ್ಲ. ಅದನ್ನು ಮೊದಲು ವೆಚ್ಚದಿಂದ ಕಳೆದು, ಉಳಿದ ಕೊರತೆಯ ಮೇಲೆ ಲೆಕ್ಕ ಹಾಕುತ್ತಾರೆ.

ಮೂರನೆಯದನ್ನು ಹೊಸಬರು ಹೆಚ್ಚಾಗಿ ಮರೆಯುತ್ತಾರೆ. ಈ ಅನುದಾನಗಳಲ್ಲಿ ಬಹುತೇಕ ಎಲ್ಲವೂ ಮರುಪಾವತಿಯ ರೂಪದವು: ಊರು ಮೊದಲು ಖರ್ಚು ಮಾಡಿ ಅಥವಾ ಬಿಲ್ಲು ತೋರಿಸಿ ಆಮೇಲೆ ಹಣ ಪಡೆಯಬೇಕು. ಕೈಯಲ್ಲಿ ನಗದಿಲ್ಲದ ಸಣ್ಣ ಸಂಸ್ಥೆಗೆ ಶೇ 80ರ ಅನುದಾನವೂ ಬಳಸಲಾಗದ ಅನುದಾನವಾಗಬಹುದು.

ಇವಲ್ಲದೆ ಹಣ ಎಷ್ಟು ಖಚಿತ, ಎಷ್ಟು ಬೇಗ ಬರುತ್ತದೆ ಎಂಬುದನ್ನೂ, ಅದರೊಂದಿಗೆ ಬರುವ ಷರತ್ತುಗಳನ್ನು ನಿಭಾಯಿಸಲು ಊರಿನಲ್ಲಿ ಸಿಬ್ಬಂದಿ ಇದ್ದಾರೆಯೇ ಎಂಬುದನ್ನೂ ನೋಡಬೇಕು. ಷರತ್ತುಗಳು ಹಗುರವಲ್ಲ. ಬಸ್ಸಿನ ಬಿಡಿಭಾಗಗಳ ಮೌಲ್ಯದಲ್ಲಿ ಶೇ 70ಕ್ಕಿಂತ ಹೆಚ್ಚು ಅಮೆರಿಕದ್ದೇ ಆಗಿರಬೇಕು ಮತ್ತು ಅಂತಿಮ ಜೋಡಣೆಯೂ ಇಲ್ಲೇ ನಡೆಯಬೇಕು ಎನ್ನುವ ‘ಬೈ ಅಮೆರಿಕಾ’ ನಿಯಮ, ಕಟ್ಟಡ ಕಾರ್ಮಿಕರಿಗೆ ಆ ಪ್ರದೇಶದ ಚಾಲ್ತಿ ಕೂಲಿ ಕೊಡಬೇಕೆನ್ನುವ ಡೇವಿಸ್-ಬೇಕನ್ ಕಾಯ್ದೆ, ಪರಿಸರ ಪರಿಶೀಲನೆ, ಸಾರಿಗೆ ನೌಕರರ ಹಕ್ಕುಗಳಿಗೆ ಕಾರ್ಮಿಕ ಇಲಾಖೆಯ ಪ್ರಮಾಣೀಕರಣ ಇವೆಲ್ಲ ಜೊತೆಗೆ ಬರುತ್ತವೆ. ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಫೆಡರಲ್ ಹಣ ಖರ್ಚು ಮಾಡುವ ಊರು ಅಥವಾ ಸಂಸ್ಥೆ ವಿಶೇಷ ಲೆಕ್ಕಪರಿಶೋಧನೆಗೂ ಒಳಪಡಬೇಕು. 2024ರ ಅಕ್ಟೋಬರಿಗೆ ಮುಂಚೆ ಆರಂಭವಾದ ಲೆಕ್ಕವರ್ಷಗಳಿಗೆ ಈ ಮಿತಿ 7.5 ಲಕ್ಷ ಡಾಲರ್ ಇತ್ತು.

ಸೂತ್ರದ ಪ್ರಕಾರ ಬರುವ ಹಣ

ಕೇಂದ್ರದ ಸಾರಿಗೆ ಇಲಾಖೆಯ ಅಂಗವಾದ ಫೆಡರಲ್ ಟ್ರಾನ್ಸಿಟ್ ಅಡ್ಮಿನಿಸ್ಟ್ರೇಷನ್ ಹಂಚುವ ಹಣದ ಬೆನ್ನೆಲುಬು ಫೆಡರಲ್ ಸಾರಿಗೆ ಕಾಯ್ದೆಯ 5307ನೇ ವಿಭಾಗ. 50,000ಕ್ಕೂ ಮೇಲ್ಪಟ್ಟ ಜನಸಂಖ್ಯೆಯ ನಗರಪ್ರದೇಶಗಳಿಗೆ ಇದು ಪ್ರತಿವರ್ಷ ಜನಸಂಖ್ಯೆ, ಜನಸಾಂದ್ರತೆ ಮುಂತಾದವುಗಳ ಸೂತ್ರದ ಪ್ರಕಾರ ಬರುತ್ತದೆ. ಇದಕ್ಕೆ ಯಾರೊಂದಿಗೂ ಪೈಪೋಟಿ ಮಾಡಬೇಕಿಲ್ಲ. 50,000ಕ್ಕಿಂತ ಕಡಿಮೆ ಜನರಿರುವ ಗ್ರಾಮೀಣ ಪ್ರದೇಶಗಳಿಗೆ 5311ನೇ ವಿಭಾಗವಿದ್ದು, ಅದನ್ನು ಆಯಾ ರಾಜ್ಯದ ಸಾರಿಗೆ ಇಲಾಖೆ ಹಂಚುತ್ತದೆ. ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 18.4 ಸೆಂಟ್ ಇರುವ ಫೆಡರಲ್ ತೆರಿಗೆಯಲ್ಲಿ 2.86 ಸೆಂಟ್ ಸಾರ್ವಜನಿಕ ಸಾರಿಗೆಯ ಖಾತೆಗೆ ಹೋಗುತ್ತದೆ. ಆ ತೆರಿಗೆಯ ದರ 1993ರಿಂದ ಏರಿಲ್ಲ, ಆದ್ದರಿಂದ ಈಚಿನ ವರ್ಷಗಳಲ್ಲಿ ಸಾಮಾನ್ಯ ಬೊಕ್ಕಸದಿಂದ ಹಣ ತುಂಬಿಸಬೇಕಾಗಿದೆ.

ಈ ದಾರಿಯ ದೊಡ್ಡ ಗುಣ ಖಚಿತತೆ. ಮುಂದಿನ ವರ್ಷವೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ ಎಂದು ಊರು ತನ್ನ ಬಜೆಟ್ಟಿನಲ್ಲಿ ಬರೆದುಕೊಳ್ಳಬಹುದು. ಆದರೆ ಇಲ್ಲಿ ಒಂದು ಗಡಿ ಇದೆ, ಅದರ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆ. ನಗರಪ್ರದೇಶದ ಜನಸಂಖ್ಯೆ 2 ಲಕ್ಷಕ್ಕಿಂತ ಕಡಿಮೆ ಇದ್ದರೆ 5307ರ ಹಣವನ್ನು ಸೇವೆ ನಡೆಸುವ ವೆಚ್ಚಕ್ಕೂ ಬಳಸಬಹುದು. 2 ಲಕ್ಷ ಮುಟ್ಟಿದರೆ ಸಾಮಾನ್ಯವಾಗಿ ಬಂಡವಾಳಕ್ಕೆ ಮಾತ್ರ. ಇದಕ್ಕೊಂದು ಇತಿಹಾಸವಿದೆ: ನಡೆಸುವ ವೆಚ್ಚಕ್ಕೆ ಫೆಡರಲ್ ನೆರವು ಆರಂಭವಾದದ್ದು 1974ರಲ್ಲಿ, ದೊಡ್ಡ ನಗರಗಳಿಗೆ ಅದು ನಿಂತದ್ದು 1998ರ ಕಾಯ್ದೆಯಲ್ಲಿ. ದೊಡ್ಡ ನಗರಪ್ರದೇಶದೊಳಗಿದ್ದರೂ ದಟ್ಟಣೆಯ ಹೊತ್ತಿನಲ್ಲಿ 100 ಅಥವಾ ಅದಕ್ಕಿಂತ ಕಡಿಮೆ ಬಸ್ಸು ಓಡಿಸುವ ಸಂಸ್ಥೆಗಳಿಗೆ ವಿನಾಯಿತಿ ಇದೆ; 75 ಬಸ್ಸಿನವರೆಗೆ ತಮ್ಮ ಪಾಲಿನ ಶೇ 75ನ್ನು, 76ರಿಂದ 100 ಬಸ್ಸಿನವರು ಶೇ 50ನ್ನು ಸೇವೆ ನಡೆಸಲು ಬಳಸಬಹುದು.

ಲೆಕ್ಕ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಊರನ್ನು ತೆಗೆದುಕೊಳ್ಳೋಣ. ವರ್ಷಕ್ಕೆ ಸೇವೆ ನಡೆಸಲು 10 ಲಕ್ಷ ಡಾಲರ್ ಬೇಕು, ಟಿಕೆಟ್ಟಿನಿಂದ 1 ಲಕ್ಷ ಬರುತ್ತದೆ. ಕೊರತೆ 9 ಲಕ್ಷ. ಅದರ ಅರ್ಧವಾದ 4.5 ಲಕ್ಷ ಫೆಡರಲ್ ಹಣದಿಂದ, ಉಳಿದ 4.5 ಲಕ್ಷ ಊರಿನಿಂದ. ಆ ಪಾಲನ್ನು ಆಸ್ತಿ ತೆರಿಗೆ ಅಥವಾ ಮಾರಾಟ ತೆರಿಗೆಯಿಂದಲೇ ತರಬೇಕೆಂದಿಲ್ಲ: ಬಸ್ಸಿನ ಮೇಲಿನ ಜಾಹೀರಾತಿನ ವರಮಾನ ಮತ್ತು ಸಮಾಜ ಸೇವಾ ಸಂಸ್ಥೆಗಳೊಂದಿಗೆ ಮಾಡಿಕೊಂಡ ಸೇವಾ ಒಪ್ಪಂದದ ಹಣ ಊರಿನ ಪಾಲಾಗಿ ಸಲ್ಲುತ್ತವೆ. ಇಷ್ಟಾದರೂ ಪ್ರತಿವರ್ಷವೂ ಆ 4.5 ಲಕ್ಷವನ್ನು ಹುಡುಕಬೇಕಾದದ್ದು ಊರಿನ ಹೊಣೆಯೇ.

ಸೂತ್ರದ ಹಣದಲ್ಲಿ ದೋಷವಿಲ್ಲವೆಂದಲ್ಲ. ಅದು ನಿಧಾನವಾಗಿ ಬೆಳೆಯುತ್ತದೆ, ಹಳೆಯ ಸೇವೆಯನ್ನು ಉಳಿಸಿಕೊಳ್ಳುವುದರಲ್ಲೇ ಮುಗಿದುಹೋಗುತ್ತದೆ, ಹೊಸ ಕನಸಿಗೆ ಉಳಿಯುವುದು ಕಡಿಮೆ. 2 ಲಕ್ಷಕ್ಕಿಂತ ಚಿಕ್ಕ ಪ್ರದೇಶಗಳಿಗೆ ಇಲ್ಲೊಂದು ಉತ್ತೇಜನವೂ ಇದೆ: ಜನಸಂಖ್ಯೆಗೆ ಹೋಲಿಸಿದರೆ ಹೆಚ್ಚು ಸೇವೆ ಕೊಡುವ ಊರುಗಳಿಗೆ ಆರು ಅಳತೆಗಳ ಮೇಲೆ ಹೆಚ್ಚುವರಿ ಹಣ ಬರುತ್ತದೆ. ಅಂದರೆ ಇಂತಹ ಊರಿನಲ್ಲಿ ಒಳ್ಳೆಯ ಸೇವೆಗೆ ಮಾಡಿದ ಖರ್ಚಿನ ಒಂದು ಭಾಗ ಮುಂದೆ ಅನುದಾನವಾಗಿ ಹಿಂದಿರುಗಬಹುದು.

ಭಾರತದ ಓದುಗರಿಗಾಗಿ ಒಂದು ಮಾತು. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ಇಬಸ್ ಸೇವಾ ಯೋಜನೆ 10,000 ವಿದ್ಯುತ್ ಬಸ್ಸುಗಳನ್ನು ನಡೆಸುವುದಕ್ಕೇ 10 ವರ್ಷ ನೆರವು ಕೊಡುತ್ತದೆ. ಬಂಡವಾಳಕ್ಕೆ ಕೈತುಂಬ ಕೊಟ್ಟು ನಡೆಸುವುದಕ್ಕೆ ಕೈ ಬಿಗಿಹಿಡಿಯುವ ಅಮೆರಿಕದ ಪದ್ಧತಿಗೆ ಹೋಲಿಸಿದರೆ ಈ ಒಂದು ವಿಷಯದಲ್ಲಿ ಭಾರತದ ಯೋಚನೆ ನನಗೆ ಹೆಚ್ಚು ಸಮಂಜಸವೆನಿಸುತ್ತದೆ.

ಹಿರಿಯರಿಗೂ ವಿಕಲಚೇತನರಿಗೂ

5310ನೇ ವಿಭಾಗ ಮೊತ್ತದಲ್ಲಿ ಚಿಕ್ಕದು, ಆದರೆ ಲಾಭರಹಿತ ಸಂಸ್ಥೆಗಳ ಮಟ್ಟಿಗೆ ಇದಕ್ಕಿಂತ ಹತ್ತಿರದ ಬಾಗಿಲು ಮತ್ತೊಂದಿಲ್ಲ. ಇದರ ಹಣದಲ್ಲಿ ಶೇ 60 ದೊಡ್ಡ ನಗರಪ್ರದೇಶಗಳಿಗೆ, ಶೇ 20 ಚಿಕ್ಕ ನಗರಪ್ರದೇಶಗಳಿಗೆ, ಶೇ 20 ಗ್ರಾಮೀಣ ಪ್ರದೇಶಗಳಿಗೆ ಹಂಚಿಕೆಯಾಗುತ್ತದೆ. ಕನಿಷ್ಠ ಶೇ 55 ಹಣವನ್ನು ಹಿರಿಯರ ಹಾಗೂ ವಿಕಲಚೇತನರ ಸಂಚಾರಕ್ಕೆ ಬೇಕಾದ ವ್ಯಾನು ಮುಂತಾದ ಬಂಡವಾಳ ಯೋಜನೆಗಳಿಗೆ ಬಳಸಬೇಕು. ಉಳಿದದ್ದನ್ನು ಸ್ವಯಂಸೇವಕ ಚಾಲಕರ ಮೈಲಿ ಭತ್ಯೆ, ಟ್ಯಾಕ್ಸಿ ವೋಚರ್ ಮೊದಲಾದವಕ್ಕೆ ಬಳಸಲು ಅವಕಾಶವಿದೆ. ವಿವಿಧ ಸಂಸ್ಥೆಗಳ ಸೇವೆಗಳನ್ನು ಒಂದೇ ದೂರವಾಣಿ ಸಂಖ್ಯೆಯ ಕೆಳಗೆ ತಂದು ಪ್ರಯಾಣಿಕರಿಗೆ ಹೊಂದುವ ಸವಾರಿ ಹುಡುಕಿಕೊಡುವ ಸಂಯೋಜನೆಯ ಕೆಲಸವನ್ನೂ ಇಲ್ಲಿ ಬಂಡವಾಳವೆಂದೇ ಪರಿಗಣಿಸಿ ಶೇ 80 ಕೊಡುತ್ತಾರೆ. ಇದನ್ನು ಅರಿತ ಸಂಸ್ಥೆ ಒಬ್ಬ ಸಂಯೋಜಕರ ಸಂಬಳವನ್ನು ಬಹುಪಾಲು ಇದರಿಂದಲೇ ಹೊಂದಿಸಿಕೊಳ್ಳಬಹುದು.

ಎರಡು ಎಚ್ಚರಿಕೆಗಳಿವೆ. ಯೋಜನೆಯ ಬೇಡಿಕೆ ಆ ಪ್ರದೇಶದ ಸಮನ್ವಯ ಸಾರಿಗೆ ಯೋಜನೆಯೊಳಗೆ ಸೇರಿರಬೇಕು, ಆದ್ದರಿಂದ ಅದನ್ನು ಪರಿಷ್ಕರಿಸುವ ಸಭೆಗಳಿಗೆ ಹೋಗದೆ ನೇರವಾಗಿ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ. ಮತ್ತೊಂದು, ಫೆಡರಲ್ ಸಾರಿಗೆ ಕಾಯ್ದೆ ಧರ್ಮ, ಜನಾಂಗ, ಮೂಲದೇಶದ ಆಧಾರದ ಭೇದವನ್ನು ನಿಷೇಧಿಸುತ್ತದೆ. ದೇವಸ್ಥಾನದ ಸದಸ್ಯರಿಗೆ ಮಾತ್ರ, ಇಂಥ ಭಾಷೆಯವರಿಗೆ ಮಾತ್ರ ಎಂಬ ವ್ಯಾನಿಗೆ ಈ ಹಣ ಹೊಂದುವುದಿಲ್ಲ. ಊರಿನ ಎಲ್ಲ ಹಿರಿಯರಿಗೂ ತೆರೆದ ಸೇವೆಯಲ್ಲಿ ನಮ್ಮವರೂ ಪಯಣಿಸುವುದು ಸರಿಯಾದ ದಾರಿ, ಅದು ನ್ಯಾಯದ ದಾರಿಯೂ ಹೌದು.

ಹೊಸ ಬಸ್ಸುಗಳಿಗಾಗಿ ಪೈಪೋಟಿ

5339ನೇ ವಿಭಾಗದಡಿ ಬಸ್ಸು ಮತ್ತು ಡಿಪೊಗಳಿಗೆ ಸೂತ್ರದ ಹಣವೂ ಇದೆ, ಪೈಪೋಟಿಯ ಅನುದಾನವೂ ಇದೆ. ಅದರಲ್ಲಿ ‘ಲೋ ಆರ್ ನೋ ಎಮಿಷನ್’ ಎಂಬ, ಕಡಿಮೆ ಹೊಗೆಯ ಅಥವಾ ಹೊಗೆಯಿಲ್ಲದ ಬಸ್ಸುಗಳ ಕಾರ್ಯಕ್ರಮ ಆಕರ್ಷಕವಾಗಿ ಕಾಣುತ್ತದೆ, ಏಕೆಂದರೆ ಬಸ್ಸಿಗೆ ಶೇ 85, ಚಾರ್ಜಿಂಗ್ ಸೌಲಭ್ಯಕ್ಕೆ ಶೇ 90ರವರೆಗೆ ಫೆಡರಲ್ ಪಾಲು ಸಿಗುತ್ತದೆ. ಒಂದು ವಿದ್ಯುತ್ ಬಸ್ಸಿನ ಬೆಲೆ 10 ಲಕ್ಷ ಡಾಲರ್ ಎಂದಿಟ್ಟುಕೊಂಡರೆ ಊರು ತೆರಬೇಕಾದದ್ದು ಒಂದೂವರೆ ಲಕ್ಷ ಮಾತ್ರ.

ಆದರೆ ಬಸ್ಸು ಬಂದ ಮೇಲೆ ಅದು ಊರಿನ ಮೇಲೆ ಹನ್ನೆರಡು ವರ್ಷಗಳ ಹೊಣೆ: ದೊಡ್ಡ ಗಾತ್ರದ ಬಸ್ಸಿನ ಕನಿಷ್ಠ ಆಯುಷ್ಯವನ್ನು 12 ವರ್ಷ ಅಥವಾ 5 ಲಕ್ಷ ಮೈಲಿ ಎಂದು ನಿಗದಿ ಮಾಡಲಾಗಿದೆ, ಅದಕ್ಕೆ ಮುಂಚೆ ಮಾರಿದರೆ ಫೆಡರಲ್ ಪಾಲಿನ ಉಳಿದ ಮೌಲ್ಯವನ್ನು ಹಿಂದಿರುಗಿಸಬೇಕಾಗುತ್ತದೆ. ಬಸ್ಸು ತಯಾರಕರೂ ಹೆಚ್ಚಿಲ್ಲ. 2023ರ ಆಗಸ್ಟಿನಲ್ಲಿ ಪ್ರೊಟೆರಾ ದಿವಾಳಿ ರಕ್ಷಣೆ ಕೋರಿತು. ಅದೇ ವರ್ಷ ನೋವಾ ಬಸ್ ಅಮೆರಿಕದಲ್ಲಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಹೇಳಿತು. ಬಿಡಿಭಾಗಕ್ಕಾಗಿ ಕಾಯುತ್ತ ನಿಂತ ಬಸ್ಸಿಗೂ ವಿಮೆ ಕಟ್ಟಬೇಕು. ಈಗಾಗಲೇ ಹಳೆಯ ಬಸ್ಸುಗಳನ್ನು ಬದಲಿಸಲೇಬೇಕಾದ, ನಡೆಸುವ ಹಣ ಬಜೆಟ್ಟಿನಲ್ಲಿ ಇರುವ ಸಂಸ್ಥೆಗೆ ಇದು ಒಳ್ಳೆಯ ಆಯ್ಕೆ. ಹೊಸದಾಗಿ ಸೇವೆ ಆರಂಭಿಸುವ ಊರಿಗೆ ಇದು ಮೊದಲ ಹೆಜ್ಜೆಯಾಗಬಾರದು ಎಂಬುದು ನನ್ನ ಅಭಿಪ್ರಾಯ.

ಒಂದೇ ಬಗೆಯ ಯೋಜನೆ, ಎರಡು ಬಾಗಿಲು

ಪ್ರತ್ಯೇಕ ಪಥದಲ್ಲಿ ವೇಗವಾಗಿ ಓಡುವ ಬಸ್ ವ್ಯವಸ್ಥೆಯಂತಹ ದೊಡ್ಡ ಕೆಲಸಕ್ಕೆ ಬಂದಾಗ ಮಧ್ಯಮ ಗಾತ್ರದ ನಗರಗಳು ಎರಡು ದಾರಿಗಳ ನಡುವೆ ತೂಗಾಡುತ್ತವೆ. ಒಂದು, 5309ನೇ ವಿಭಾಗದ ಬಂಡವಾಳ ಹೂಡಿಕೆ ಅನುದಾನದೊಳಗಿನ ‘ಸ್ಮಾಲ್ ಸ್ಟಾರ್ಟ್ಸ್’. ಒಟ್ಟು ವೆಚ್ಚ 40 ಕೋಟಿ ಡಾಲರಿಗಿಂತ ಕಡಿಮೆ ಇದ್ದು, ಈ ಕಾರ್ಯಕ್ರಮದಿಂದ ಕೇಳುವುದು 15 ಕೋಟಿಗಿಂತ ಕಡಿಮೆ ಇರಬೇಕು. ಇನ್ನೊಂದು, 2009ರಲ್ಲಿ ಟೈಗರ್ ಎಂದು ಆರಂಭವಾಗಿ, 2018ರಲ್ಲಿ ಬಿಲ್ಡ್ ಎನಿಸಿಕೊಂಡು, 2021ರಲ್ಲಿ ರೈಸ್ ಆಗಿ, 2025ರಲ್ಲಿ ಮತ್ತೆ ಬಿಲ್ಡ್ ಆದ ಅನುದಾನ. ಆಡಳಿತ ಬದಲಾದಂತೆ ಅದರ ಹೆಸರಷ್ಟೇ ಅಲ್ಲ, ಆದ್ಯತೆಗಳೂ ಬದಲಾಗುತ್ತವೆ. ಕಳೆದ ಬಾರಿ ಗೆದ್ದ ಅರ್ಜಿಯ ಭಾಷೆಯನ್ನು ನಕಲು ಮಾಡುವವರು ಇದನ್ನು ಗಮನಿಸಬೇಕು.

ವರ್ಜೀನಿಯಾದ ರಿಚ್ಮಂಡ್ ಎರಡನೆಯ ಬಾಗಿಲನ್ನು ತಟ್ಟಿತು. 7.6 ಮೈಲಿಯ ‘ಪಲ್ಸ್’ ಬಸ್ ಮಾರ್ಗದ ಸುಮಾರು 6.5 ಕೋಟಿ ಡಾಲರ್ ವೆಚ್ಚದಲ್ಲಿ 2.49 ಕೋಟಿ ಟೈಗರ್ ಅನುದಾನದಿಂದ ಬಂತು. ಉಳಿದದ್ದನ್ನು ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳು ಹೊತ್ತವು. 2018ರ ಜೂನಿನಲ್ಲಿ ಮಾರ್ಗ ಆರಂಭವಾಯಿತು. ಇಂಡಿಯಾನಾಪೊಲಿಸ್ ಮೊದಲ ಬಾಗಿಲಿಗೆ ಹೋಯಿತು: 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ‘ರೆಡ್ ಲೈನ್’ ಮಾರ್ಗದ 9.63 ಕೋಟಿ ಡಾಲರ್ ವೆಚ್ಚದಲ್ಲಿ 7.5 ಕೋಟಿ ಸ್ಮಾಲ್ ಸ್ಟಾರ್ಟ್ಸ್‌ನಿಂದ ಬಂತು. ಮೊತ್ತವನ್ನಷ್ಟೇ ನೋಡಿದರೆ ಇಂಡಿಯಾನಾಪೊಲಿಸ್ಸಿನ ದಾರಿಯೇ ಮೇಲು. ಆದರೆ ಅಲ್ಲಿ ಗಮನಿಸಬೇಕಾದದ್ದು 2016ರ ನವೆಂಬರಿನಲ್ಲಿ ನಡೆದ ಮತದಾನ. ಮೇರಿಯನ್ ಕೌಂಟಿಯ ಮತದಾರರು ಸಾರಿಗೆಗಾಗಿ ಶೇ 0.25ರ ಆದಾಯ ತೆರಿಗೆಗೆ ಒಪ್ಪಿಗೆ ಕೊಟ್ಟಿದ್ದರು. ಬಸ್ಸು ಓಡಿಸುವ ಹಣ ಅನುದಾನಕ್ಕಿಂತ ಮುಂಚೆಯೇ ಗೊತ್ತಾಗಿತ್ತು, ಮತ್ತು ಸ್ಮಾಲ್ ಸ್ಟಾರ್ಟ್ಸ್‌ನ ಮೌಲ್ಯಮಾಪನದಲ್ಲಿ ಸ್ಥಳೀಯ ಹಣಕಾಸಿನ ಬದ್ಧತೆ ಒಂದು ಮುಖ್ಯ ಅಂಶ.

ಎರಡರ ವ್ಯತ್ಯಾಸ ಹೀಗಿದೆ. ಬಿಲ್ಡ್‌ನ ಗರಿಷ್ಠ ಮೊತ್ತ 2.5 ಕೋಟಿ ಡಾಲರ್. ಕಾಮಗಾರಿಗೆ ನಗರದಲ್ಲಿ ಕನಿಷ್ಠ 50 ಲಕ್ಷ, ಗ್ರಾಮೀಣ ಪ್ರದೇಶದಲ್ಲಿ ಕನಿಷ್ಠ 10 ಲಕ್ಷ. ಅರ್ಧ ಹಣ ಗ್ರಾಮೀಣ ಪ್ರದೇಶಗಳಿಗೆ ಮೀಸಲು, ಅಲ್ಲಿಗೂ ದೀರ್ಘಕಾಲದ ಬಡತನದ ಪ್ರದೇಶಗಳಿಗೂ ಫೆಡರಲ್ ಪಾಲು ಶೇ 100ರವರೆಗೂ ಹೋಗಬಹುದು. ಫಲಿತಾಂಶ ವರ್ಷಕ್ಕೊಮ್ಮೆ, ಜೂನ್ 28ರೊಳಗೆ. ಗೆದ್ದರೆ ಗೆದ್ದಂತೆ, ಸೋತರೆ ಮುಂದಿನ ವರ್ಷ. ಸ್ಮಾಲ್ ಸ್ಟಾರ್ಟ್ಸ್ ಹೀಗಲ್ಲ: ಮೊದಲು ಯೋಜನಾ ಅಭಿವೃದ್ಧಿಯ ಹಂತಕ್ಕೆ ಪ್ರವೇಶ, ಪರಿಸರ ಪರಿಶೀಲನೆ, ಮೌಲ್ಯಮಾಪನ, ಆಮೇಲೆ ಒಪ್ಪಂದ. ದಾರಿ ಉದ್ದ, ಆದರೆ ಪ್ರತಿ ಹಂತದಲ್ಲೂ ಊರಿಗೆ ತಾನೆಲ್ಲಿದ್ದೇನೆಂಬುದು ಗೊತ್ತಿರುತ್ತದೆ. ತೊಂದರೆ ಬರುವುದು ಕೊನೆಯ ಸಹಿಗೆ ಕಾಯುವಾಗ. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ನಗರ 2016ರಲ್ಲೇ ತನ್ನ ಬಸ್ ಮಾರ್ಗದ ಕಾಮಗಾರಿ ಆರಂಭಿಸಿತು, 7.5 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಬಿದ್ದದ್ದು 2018ರಲ್ಲಿ. ನಡುವಿನ ಕಾಲದಲ್ಲಿ ಹಣದ ಭಾರವನ್ನೂ ಅನಿಶ್ಚಿತತೆಯನ್ನೂ ನಗರವೇ ಹೊರಬೇಕಾಯಿತು.

ಇನ್ನೂ ದೊಡ್ಡ ರೈಲು ಯೋಜನೆಗಳು ಬೇರೆಯೇ ಲೋಕ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಬಾರ್ಟ್ ರೈಲು 2020ರ ಜೂನಿನಲ್ಲಿ ಬೆರಿಯೆಸಾವರೆಗೆ ಬಂತು. ಸ್ಯಾನ್ ಹೋಸೆಯ ನಡುಭಾಗಕ್ಕೆ ಹೋಗುವ ಮುಂದಿನ ಹಂತಕ್ಕೆ 2024ರ ಆಗಸ್ಟಿನಲ್ಲಿ ಸುಮಾರು 510 ಕೋಟಿ ಡಾಲರಿನ ಫೆಡರಲ್ ನೆರವು ಘೋಷಣೆಯಾಯಿತು. ಅದರ ಹಿಂದೆ 2000 ಮತ್ತು 2016ರಲ್ಲಿ ಮತದಾರರು ಒಪ್ಪಿದ ಮಾರಾಟ ತೆರಿಗೆಗಳಿವೆ. ರಾಜಕೀಯ ಇಚ್ಛೆ ನಡುದಾರಿಯಲ್ಲಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನ್ಯೂ ಜೆರ್ಸಿ ಸಾಕ್ಷಿ: ಹಡ್ಸನ್ ನದಿಯ ಕೆಳಗಿನ ಆರ್ಕ್ ಸುರಂಗ ಯೋಜನೆಯನ್ನು ಗವರ್ನರ್ ಕ್ರಿಸ್ ಕ್ರಿಸ್ಟಿ 2010ರಲ್ಲಿ ರದ್ದು ಮಾಡಿದಾಗ ಫೆಡರಲ್ ಸರ್ಕಾರ 27.1 ಕೋಟಿ ಡಾಲರ್ ಹಿಂದಿರುಗಿಸಲು ಕೇಳಿತು, ಕೊನೆಗೆ 9.5 ಕೋಟಿಗೆ ರಾಜಿಯಾಯಿತು.

ಕಾಂಗ್ರೆಸ್ ಸದಸ್ಯರ ಶಿಫಾರಸು

ಊರಿನ ಪ್ರತಿನಿಧಿಯ ಕಚೇರಿಯ ಮೂಲಕ ನಿರ್ದಿಷ್ಟ ಯೋಜನೆಗೆ ಹಣ ಗೊತ್ತುಮಾಡಿಸುವ ಪದ್ಧತಿಯನ್ನು ಕಾಂಗ್ರೆಸ್ 2011ರಲ್ಲಿ ನಿಲ್ಲಿಸಿ, 2021ರಲ್ಲಿ ಹೊಸ ನಿಯಮಗಳೊಂದಿಗೆ ಮರಳಿ ತಂದಿತು. ಇತ್ತೀಚಿನ ವರ್ಷಗಳಲ್ಲಿ ಕೆಳಮನೆಯ ಸದಸ್ಯರು ತಲಾ 15 ಯೋಜನೆಗಳನ್ನು ಕೇಳಬಹುದಾಗಿತ್ತು. ಅದರಲ್ಲಿ ತಮಗಾಗಲಿ ತಮ್ಮ ಹತ್ತಿರದ ಕುಟುಂಬಕ್ಕಾಗಲಿ ಹಣಕಾಸಿನ ಹಿತಾಸಕ್ತಿ ಇಲ್ಲವೆಂದು ಬರೆದುಕೊಡಬೇಕು, ಬೇಡಿಕೆಯನ್ನು ಬಹಿರಂಗವಾಗಿ ಪ್ರಕಟಿಸಬೇಕು. ಅರ್ಜಿ ಸರಳ, ದಾರಿ ಹತ್ತಿರ. ಆದರೆ 2025ರ ಲೆಕ್ಕವರ್ಷಕ್ಕೆ ಹೊಸ ಬಜೆಟ್ಟಿನ ಬದಲು ಹಿಂದಿನ ಖರ್ಚನ್ನೇ ಇಡೀ ವರ್ಷ ಮುಂದುವರಿಸುವ ಮಸೂದೆ ಅಂಗೀಕಾರವಾದಾಗ ಇಂಥ ಎಲ್ಲ ಯೋಜನೆಗಳೂ ಒಮ್ಮೆಗೇ ಕೈಬಿಟ್ಟುಹೋದವು. ಕಟ್ಟಡದ ಒಂದು ಭಾಗ, ತಂಗುದಾಣಗಳ ಒಂದು ಕಂತು, ಹೀಗೆ ಬಾರದಿದ್ದರೂ ಊರು ಕಂಗೆಡದಂಥ ಕೆಲಸಕ್ಕೆ ಮಾತ್ರ ಇದನ್ನು ಇಟ್ಟುಕೊಳ್ಳಬೇಕು.

ಸಾರಿಗೆ ಇಲಾಖೆಯ ಆಚೆಗಿನ ಹಣ

ಸಾರಿಗೆಯ ಬಗ್ಗೆ ಯೋಚಿಸುವವರು ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯ ಕಡೆ ನೋಡುವುದು ಕಡಿಮೆ, ಆದರೆ 1974ರ ಕಾಯ್ದೆಯಿಂದ ಬಂದ ಸಮುದಾಯ ಅಭಿವೃದ್ಧಿ ಬ್ಲಾಕ್ ಗ್ರಾಂಟ್ ನನ್ನ ಮಟ್ಟಿಗೆ ಈ ಪಟ್ಟಿಯಲ್ಲೇ ಹೆಚ್ಚು ಬಳಕೆಗೆ ಬರಬಹುದಾದ ಹಣ. ಸಾಮಾನ್ಯವಾಗಿ 50,000ಕ್ಕೂ ಹೆಚ್ಚು ಜನರಿರುವ ನಗರಗಳಿಗೂ 2 ಲಕ್ಷ ಮೀರಿದ ನಗರೀಕೃತ ಕೌಂಟಿಗಳಿಗೂ ಇದು ನೇರವಾಗಿ ಬರುತ್ತದೆ, ಚಿಕ್ಕ ಊರುಗಳು ರಾಜ್ಯದ ಮೂಲಕ ಕೇಳಬೇಕು. ಕನಿಷ್ಠ ಶೇ 70 ಹಣ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಅನುಕೂಲವಾಗುವಂತೆ ಖರ್ಚಾಗಬೇಕು. ಪಾದಚಾರಿ ಮಾರ್ಗ, ಚರಂಡಿ, ಸಮುದಾಯ ಭವನ, ಗಾಲಿಕುರ್ಚಿಗೆ ಅನುಕೂಲವಾದ ಇಳಿಜಾರು ಇವೆಲ್ಲ ಇದರಲ್ಲಿ ಸಾಧ್ಯ. ಸೇವೆಗಳಿಗೆ ಮಾತ್ರ ಶೇ 15ರ ಮಿತಿ ಇದೆ.

ಇದರ ನಿಜವಾದ ಬೆಲೆ ಬೇರೆಡೆ ಇದೆ. ನಗರಗಳು ಇದಕ್ಕೆ ಸ್ಥಳೀಯ ಪಾಲು ಕೊಡಬೇಕಿಲ್ಲ, ಮತ್ತು ಇದೇ ಹಣವನ್ನು ಬೇರೆ ಫೆಡರಲ್ ಅನುದಾನಕ್ಕೆ ಸ್ಥಳೀಯ ಪಾಲಾಗಿ ತೋರಿಸಲು ಕಾಯ್ದೆಯೇ ಅನುಮತಿಸುತ್ತದೆ. ಕಡಿಮೆ ಆದಾಯದ ಬಡಾವಣೆಯಲ್ಲಿ ತಂಗುದಾಣಗಳನ್ನೂ ದಾರಿಗಳನ್ನೂ ಕಟ್ಟುವಾಗ ಸಾರಿಗೆ ಅನುದಾನದ ಶೇ 20 ಪಾಲನ್ನು ಇದರಿಂದ ತುಂಬಿದರೆ ಊರಿನ ಸ್ವಂತ ಹಣ ಚಾಲಕರ ಸಂಬಳಕ್ಕೆ ಉಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಎರಡು ಇಲಾಖೆಗಳ ನಿಯಮಗಳನ್ನು ಒಟ್ಟಿಗೆ ಪಾಲಿಸಬೇಕಾದದ್ದು, ಮತ್ತು ಅದೇ ಹಣಕ್ಕಾಗಿ ಕಾಯುವ ವಸತಿ ಯೋಜನೆಗಳೊಂದಿಗೆ ಊರಿನೊಳಗೇ ನಡೆಸಬೇಕಾದ ಚರ್ಚೆ.

ಹೆದ್ದಾರಿ ಕಾರ್ಯಕ್ರಮಗಳ ಹಣವನ್ನು ಸಾರಿಗೆಗೆ ತಿರುಗಿಸುವ ಅವಕಾಶ 1991ರ ಕಾಯ್ದೆಯಿಂದ ಇದೆ. ಅದರಲ್ಲಿ ಗಾಳಿಯ ಗುಣಮಟ್ಟ ಸುಧಾರಣೆಯ ಹಣ ವಿಶೇಷ, ಏಕೆಂದರೆ ಹೊಸ ಸೇವೆಯನ್ನು ನಡೆಸುವ ವೆಚ್ಚಕ್ಕೂ ಅದು ಸುಮಾರು ಮೂರು ವರ್ಷದ ಮಟ್ಟಿಗೆ ಸಲ್ಲುತ್ತದೆ. ಹೊಸ ಮಾರ್ಗವನ್ನು ಪರೀಕ್ಷಿಸಿ ನೋಡಲು ಅದು ಸಾಕು. ರಸ್ತೆ ಸುರಕ್ಷತೆಗಾಗಿ ಐದು ವರ್ಷಕ್ಕೆ 500 ಕೋಟಿ ಡಾಲರಿನೊಂದಿಗೆ ಬಂದ ‘ಸೇಫ್ ಸ್ಟ್ರೀಟ್ಸ್’ ಅನುದಾನವನ್ನು ಊರುಗಳು ನೇರವಾಗಿ ಕೇಳಬಹುದು, ಆದರೆ ಕಾಮಗಾರಿಗೆ ಹಣ ಬೇಕಿದ್ದರೆ ಸುರಕ್ಷತಾ ಯೋಜನೆಯೊಂದು ಮೊದಲೇ ಇರಬೇಕು. ಟಿಫಿಯಾ ಎಂಬ ಫೆಡರಲ್ ಸಾಲದ ಸೌಲಭ್ಯವೂ ಇದೆ. ಬಡ್ಡಿ ಕಡಿಮೆ, ಅವಧಿ ದೀರ್ಘ, ಆದರೆ ತೀರಿಸಲು ನಿಶ್ಚಿತ ತೆರಿಗೆ ವರಮಾನವಿಲ್ಲದ ಊರು ಅದರ ಬಗ್ಗೆ ಯೋಚಿಸುವ ಅಗತ್ಯವಿಲ್ಲ.

ಯಾರಿಗೆ ಯಾವುದು

ನಿಮ್ಮದು 50,000ದೊಳಗಿನ ಊರಾಗಿ, ಬಸ್ಸೇ ಇಲ್ಲದಿದ್ದರೆ, ದೊಡ್ಡ ಬಸ್ಸಿನ ಕನಸನ್ನು ಸ್ವಲ್ಪ ಕಾಲ ಬದಿಗಿಡುವುದು ಒಳ್ಳೆಯದು. ಉತ್ತರ ಕ್ಯಾರೊಲಿನಾದ ವಿಲ್ಸನ್ ಎಂಬ ಊರು 2020ರಲ್ಲಿ ತನ್ನ ನಿಗದಿತ ಬಸ್ ಮಾರ್ಗಗಳನ್ನೇ ನಿಲ್ಲಿಸಿ, ಕರೆದಾಗ ಬರುವ ಸಣ್ಣ ವ್ಯಾನುಗಳ ವ್ಯವಸ್ಥೆಗೆ ಬದಲಾಯಿತು. 5311ರ ಹಣದಲ್ಲಿ ಇಂಥದ್ದನ್ನು ಚಿಕ್ಕದಾಗಿ ಆರಂಭಿಸಿ, ಪ್ರಯಾಣಿಕರು ಬಂದ ಮೇಲೆ ಬೆಳೆಸುವುದು ಕ್ಷೇಮ. ಒಂದು ಸವಾರಿಗೆ ತಗಲುವ ವೆಚ್ಚ ಮಾತ್ರ ಪ್ರಯಾಣಿಕರು ಹೆಚ್ಚಿದಂತೆ ಇಳಿಯುವುದಿಲ್ಲ ಎಂಬುದನ್ನು ಕೌನ್ಸಿಲ್ಲಿಗೆ ಮೊದಲೇ ತಿಳಿಸಿರಬೇಕು.

50,000 ಮತ್ತು 2 ಲಕ್ಷದ ನಡುವಿನ ಊರುಗಳು ನಿಜಕ್ಕೂ ಅದೃಷ್ಟವಂತವು, ಏಕೆಂದರೆ ಅವಕ್ಕೆ ನಡೆಸುವ ವೆಚ್ಚಕ್ಕೂ ಸೂತ್ರದ ಹಣವಿದೆ. ಇಲ್ಲಿ ಪೈಪೋಟಿಯ ಅನುದಾನಕ್ಕೆ ಸಲಹೆಗಾರರನ್ನು ನೇಮಿಸುವ ಮುಂಚೆ ಬಂದ ಹಣವೆಲ್ಲ ಪೂರ್ತಿ ಬಳಕೆಯಾಗುತ್ತಿದೆಯೇ, ಸ್ಥಳೀಯ ಪಾಲಿನ ಕೊರತೆಯಿಂದ ಉಳಿದುಹೋಗುತ್ತಿದೆಯೇ ಎಂದು ನೋಡಬೇಕು. ಜನಸಂಖ್ಯೆ 2 ಲಕ್ಷದ ಹತ್ತಿರವಿದ್ದರೆ ಮುಂದಿನ ಜನಗಣತಿಯ ಪರಿಣಾಮವನ್ನು ಈಗಲೇ ಲೆಕ್ಕಹಾಕಿ, ನಿರ್ವಹಣೆಯ ಖರ್ಚನ್ನು ಬಂಡವಾಳದ ಸಾಲಿಗೆ ಸರಿಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ದೊಡ್ಡ ನಗರಪ್ರದೇಶದ ಉಪನಗರಗಳಲ್ಲಿರುವವರಿಗೆ ಸ್ವಂತ ಬಸ್ ಸಂಸ್ಥೆಗಿಂತ ಪ್ರಾದೇಶಿಕ ಸಂಸ್ಥೆಯೊಂದಿಗೆ ಒಪ್ಪಂದ ಅಗ್ಗ. ಊರಿನ ಶಕ್ತಿಯನ್ನು ತಂಗುದಾಣ, ದಾರಿದೀಪ, ಪಾದಚಾರಿ ಮಾರ್ಗಗಳಿಗೆ ಬ್ಲಾಕ್ ಗ್ರಾಂಟ್ ಹಾಗೂ ಸುರಕ್ಷತಾ ಅನುದಾನದಿಂದ ಹಣ ತರುವುದರಲ್ಲಿ ಬಳಸಬೇಕು. ಲಾಭರಹಿತ ಸಂಸ್ಥೆಗೆ 5310ನ್ನು ಬಿಟ್ಟು ಬೇರೆ ಕಡೆ ಹುಡುಕುವ ಅಗತ್ಯ ಬಹುಮಟ್ಟಿಗೆ ಇಲ್ಲ. ಅದರ ಮೊದಲ ಅರ್ಜಿ ವ್ಯಾನಿಗಾಗಿ ಇರುವುದಕ್ಕಿಂತ ಸಂಯೋಜಕರಿಗಾಗಿ ಇದ್ದರೆ ಮೇಲು, ಏಕೆಂದರೆ ಬಹಳಷ್ಟು ಊರುಗಳಲ್ಲಿ ಬೇರೆ ಬೇರೆ ಸಂಸ್ಥೆಗಳ ವ್ಯಾನುಗಳು ಈಗಾಗಲೇ ಅರ್ಧ ದಿನ ಖಾಲಿ ನಿಂತಿರುತ್ತವೆ.

ಸ್ಮಾಲ್ ಸ್ಟಾರ್ಟ್ಸ್ ಬಗ್ಗೆ ಯೋಚಿಸುತ್ತಿರುವ ನಗರ ಮೊದಲು ಮತದಾರರ ಬಳಿಗೆ ಹೋಗಬೇಕು. ನ್ಯಾಶ್‌ವಿಲ್ಲಿನ ಮತದಾರರು 2018ರಲ್ಲಿ ಸಾರಿಗೆ ತೆರಿಗೆಯನ್ನು ತಿರಸ್ಕರಿಸಿದರು, 2024ರ ನವೆಂಬರಿನಲ್ಲಿ ಡಾಲರಿಗೆ ಅರ್ಧ ಸೆಂಟಿನ ಮಾರಾಟ ತೆರಿಗೆಯನ್ನು ಒಪ್ಪಿಕೊಂಡರು. ತೆರಿಗೆಗೆ ಒಪ್ಪಿಗೆ ಸಿಗದ ಊರಿನಲ್ಲಿ ಬಿಲ್ಡ್‌ನ ಯೋಜನಾ ಅನುದಾನವನ್ನು ಪಡೆದು ಅಧ್ಯಯನ ಮಾಡಿಸಿಟ್ಟುಕೊಳ್ಳುವುದಕ್ಕಿಂತ ಮುಂದೆ ಹೋಗುವುದು ಜಾಣತನವಲ್ಲ.

ಯಾವುದನ್ನೇ ಆರಿಸಿದರೂ, 50,000 ಮೀರಿದ ನಗರಪ್ರದೇಶಗಳಲ್ಲಿ ಮೊದಲು ಹೋಗಬೇಕಾದ ಕಚೇರಿ ಆ ಪ್ರದೇಶದ ಮಹಾನಗರ ಯೋಜನಾ ಸಂಸ್ಥೆಯದು, ಗ್ರಾಮೀಣ ಪ್ರದೇಶಗಳಲ್ಲಿ ರಾಜ್ಯದ ಸಾರಿಗೆ ಇಲಾಖೆಯದು. ಅವರ ಸಾರಿಗೆ ಸುಧಾರಣಾ ಪಟ್ಟಿಯಲ್ಲಿ ಹೆಸರಿಲ್ಲದ ಯೋಜನೆಗೆ ಫೆಡರಲ್ ಸಾರಿಗೆ ಹಣ ಬಿಡುಗಡೆಯಾಗುವುದಿಲ್ಲ. ಆ ಪಟ್ಟಿಯನ್ನು ಪರಿಷ್ಕರಿಸುವಾಗ ಸಾರ್ವಜನಿಕರ ಅಭಿಪ್ರಾಯ ಕೇಳುವುದು ಕಡ್ಡಾಯ, ಸಭೆಗೆ ಬರುವವರು ಸಾಮಾನ್ಯವಾಗಿ ಕೆಲವೇ ಮಂದಿ. ಸಮಿತಿಯ ಸದಸ್ಯರಾಗಿರದಿದ್ದರೂ ಅಲ್ಲಿ ಎದ್ದು ನಿಂತು, ನಡೆಸುವ ವೆಚ್ಚದ ಪುಟ ಎಲ್ಲಿದೆ ಎಂದು ಕೇಳಲು ಯಾರಿಗಾದರೂ ಹಕ್ಕಿದೆ.